ಅಕ್ಕ ಹೇಳಿದ್ದು, ನಾನು ಬರೆದದ್ದು

ಬಿ.ಕಾಂ. ಎರಡನೆಯ ವರ್ಷದಲ್ಲಿ ನನಗೆ ಹಾಜರಾತಿ ಕಡಿಮೆ ಬಿದ್ದಿತ್ತು. ಕಾಯಿಲೆ ಇರಲಿಲ್ಲ, ಮನೆಯಲ್ಲಿ ತೊಂದರೆಯೂ ಇರಲಿಲ್ಲ. ಬೆಳಗಿನ ಮೊದಲ ಪೀರಿಯಡ್ಡಿಗೆ ಹೋಗಲು ಮನಸ್ಸಾಗುತ್ತಿರಲಿಲ್ಲ, ಅಷ್ಟೆ. ಮನೆ ಚಾಮರಾಜಪೇಟೆಯಲ್ಲಿ, ಕಾಲೇಜು ಬಸವನಗುಡಿಯಲ್ಲಿ. ನಡೆದೇ ಹೋಗಬಹುದಾದ ದಾರಿ. ಬಸ್ಸು ತಡವಾಯಿತು ಎಂಬ ನೆಪವೂ ನನಗೆ ಸಿಗುತ್ತಿರಲಿಲ್ಲ.

ಹಾಜರಾತಿ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನ ಅಕೌಂಟೆನ್ಸಿ ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಎನ್ನೆಸ್ಸೆಸ್ ನೋಡಿಕೊಳ್ಳುತ್ತಿದ್ದವರೂ ಅವರೇ.

"ಏನಮ್ಮಾ, ಪರೀಕ್ಷೆಗೆ ಕೂರೋ ಯೋಚನೆ ಇದ್ಯೋ ಇಲ್ವೋ?"

"ಇದೆ ಮೇಡಂ."

"ಹಾಗಾದ್ರೆ ಯಾವುದಾದ್ರೂ ಒಂದು ಚಟುವಟಿಕೆಗೆ ಸೇರ್ಕೋ. ಕಾಲೇಜ್ ಕೆಲ್ಸ ಮಾಡಿದ ಗಂಟೆಗಳನ್ನ ಹಾಜರಾತಿಗೆ ಸೇರಿಸ್ಬಹುದು."

ಅವರ ಮೇಜಿನ ಮೇಲೆ ಒಂದು ಪಟ್ಟಿ ಇತ್ತು. ನಾಟಕ ತಂಡ, ರಕ್ತದಾನ ಶಿಬಿರ, ಉದ್ಯೋಗ ಮೇಳದಲ್ಲಿ ಸ್ವಯಂಸೇವೆ, ಕೆರೆ ಸ್ವಚ್ಛತೆ. ಕೊನೆಯಲ್ಲಿ, 'ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪಠ್ಯ ಓದಿ ಹೇಳುವುದು' ಎಂದಿತ್ತು. ಕೂತು ಮಾಡುವ ಕೆಲಸ, ಬಿಸಿಲಿಗೆ ಹೋಗಬೇಕಾಗಿಲ್ಲ ಎಂದು ಅದಕ್ಕೆ ಹೆಸರು ಕೊಟ್ಟೆ. ಬೇರೆ ಕಾರಣ ಇತ್ತೆಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಲೈಬ್ರರಿಯ ಹಿಂದಿನ ಒಂದು ಸಣ್ಣ ಕೋಣೆಯನ್ನು ಆ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಿದ್ದರು. ಎರಡು ಕಂಪ್ಯೂಟರ್, ಒಂದು ಉದ್ದ ಮೇಜು, ಗೋಡೆಗೆ ಒರಗಿಸಿಟ್ಟ ಬಿಳಿ ಕೋಲು. ನಾನು ಓದಿ ಹೇಳಬೇಕಾದವರು ಬಿ.ಎ. ಮೂರನೆಯ ವರ್ಷದಲ್ಲಿದ್ದರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಮನೆ ಬಿನ್ನಿಪೇಟೆ. ತಂದೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾಗಿದ್ದರು. ಪಿಯುಸಿ ಆದ ಮೇಲೆ ಕೆಲವು ವರ್ಷ ಮನೆಯಲ್ಲಿದ್ದು, ಮತ್ತೆ ಓದಲು ಬಂದಿದ್ದರು. ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ, "ಅಕ್ಕ ಅನ್ನು ಸಾಕು" ಎಂದರು.

ಫೋನೇ ಎಲ್ಲವನ್ನೂ ಓದಿ ಹೇಳುವ ಈ ಕಾಲದಲ್ಲಿ ನನ್ನ ಅಗತ್ಯವೇನು ಎಂದು ಮೊದಲ ದಿನವೇ ಕೇಳಿದೆ. ಅಕ್ಕ ತಮ್ಮ ಫೋನಿನಲ್ಲಿ ಇತಿಹಾಸದ ಒಂದು ನೋಟ್ಸ್ ತೆರೆದರು. ಅದು ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದು. ನನ್ನ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಫೋನು ಮಾತ್ರ ಇಂಗ್ಲಿಷಿನ ಬಿಡಿ ಅಕ್ಷರಗಳನ್ನು, ಚಿಹ್ನೆಗಳನ್ನು ಒಂದೇ ಸಮನೆ ಒದರಿತು.

"ಕೇಳಿಸ್ಕೊಂಡ್ಯಲ್ಲ? ಸಿಲೆಬಸ್ಸಲ್ಲಿ ಅರ್ಧ ಹೀಗೇ ಇದೆ. ಓದು."

ಓದಿದೆ. ಎರಡು ಪುಟ ಮುಗಿಯುವುದರೊಳಗೆ ನಾಲ್ಕು ಸಲ ತಡೆದರು. ವಾಕ್ಯದ ಕೊನೆ ನುಂಗುತ್ತೀಯ ಎಂದರು. ಒಂದು ಶಾಸನದ ಸಾಲು ಬಂದಾಗ, ನಾಲಿಗೆ ಹೊರಳದೆ, ನಾನು ಸದ್ದಿಲ್ಲದೆ ಮುಂದಿನ ಪ್ಯಾರಾಕ್ಕೆ ಹೋದೆ. ಹಿಂದಿನದಕ್ಕೂ ಮುಂದಿನದಕ್ಕೂ ಕೂಡಿಕೊಳ್ಳುವುದಿಲ್ಲ ಎಂಬುದು ಅವರಿಗೆ ತಕ್ಷಣ ಗೊತ್ತಾಯಿತು.

"ಬರ್ದೇ ಇದ್ರೆ ಬರಲ್ಲ ಅಂತ ಹೇಳು. ಒಂದೊಂದೇ ಅಕ್ಷರ ಹೇಳು, ನಾನ್ ಕೂಡಿಸ್ಕೋತೀನಿ. ಹಾರಿಸ್ಬೇಡ."

ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ವಾಣಿಜ್ಯದ ವಿದ್ಯಾರ್ಥಿನಿಯಾದ ನನಗೆ ವಿಜಯನಗರದ ರಾಜವಂಶಗಳು, ಮೈಸೂರು ಯುದ್ಧಗಳು ಬಾಯಿಪಾಠವಾದವು. ಅಕ್ಕ ಒಂದೇ ಅಧ್ಯಾಯವನ್ನು ಏಳೆಂಟು ಸಲ ಓದಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಅವರು ಕೈಬೆರಳು ಮಡಿಚುತ್ತ ಅಂಶಗಳನ್ನು ಲೆಕ್ಕ ಹಾಕುತ್ತಿದ್ದರು.

ಆಂತರಿಕ ಪರೀಕ್ಷೆ ಬಂದಾಗ ಅವರಿಗೆ ಸ್ಕ್ರೈಬ್ ಬೇಕಾಯಿತು. ವಿದ್ಯಾರ್ಥಿ ಬಾಯಲ್ಲಿ ಹೇಳಿದ್ದನ್ನು ಉತ್ತರ ಪತ್ರಿಕೆಯಲ್ಲಿ ಬರೆದುಕೊಡುವವರನ್ನು ಹಾಗೆ ಕರೆಯುತ್ತಾರೆ. ಬೇರೆ ವಿಷಯ ಓದುವವರು, ಕೆಳಗಿನ ತರಗತಿಯವರು ಆಗಿರಬೇಕು. ನಾನು ಎರಡಕ್ಕೂ ಹೊಂದುತ್ತಿದ್ದೆ. ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ ಎಂಬ ಹಾಳೆಗೆ ಸಹಿ ಮಾಡಿದೆ. ಸಹಿ ಮಾಡುವ ಮೊದಲು ಅದನ್ನು ಪೂರ್ತಿ ಓದಲಿಲ್ಲ.

ಪರೀಕ್ಷೆಯ ದಿನ ಅಕ್ಕನಿಗೆ ನೆಗಡಿ, ತಲೆನೋವು. ಆದರೂ ನಿಧಾನವಾಗಿ, ಗೊಂದಲವಿಲ್ಲದೆ ಹೇಳುತ್ತ ಹೋದರು. ಮೂರನೆಯ ಉತ್ತರದಲ್ಲಿ ವಿಜಯನಗರವನ್ನು ಆಳಿದ ವಂಶಗಳನ್ನು ಹೇಳುವಾಗ "ಸಂಗಮ, ತುಳುವ, ಸಾಳುವ, ಅರವೀಡು" ಎಂದರು. ಸಾಳುವ ಮೊದಲು, ಆಮೇಲೆ ತುಳುವ. ಅವರಿಗೆ ಅದು ಗೊತ್ತಿಲ್ಲದೆ ಇಲ್ಲ. ನಾನು ಸರಿಯಾದ ಕ್ರಮದಲ್ಲೇ ಬರೆದೆ. ಅಷ್ಟು ಮಾಡಿದ ಮೇಲೆ ಕೈಗೆ ಸಲುಗೆ ಬಂತು. ಮುಂದಿನ ಉತ್ತರದಲ್ಲಿ ಅವರು ಬಿಟ್ಟ ಒಂದು ಅಂಶವನ್ನು ಸೇರಿಸಿದೆ. ಕೊನೆಯ ಉತ್ತರದ ಎರಡು ವಾಕ್ಯಗಳನ್ನು ಚಂದ ಮಾಡಿದೆ. ಬಾಗಿಲ ಬಳಿ ಕೂತಿದ್ದ ಮೇಲ್ವಿಚಾರಕರು ಪೇಪರ್ ಓದುತ್ತಿದ್ದರು.

ಮುಗಿದ ಮೇಲೆ ಇಬ್ಬರೂ ವಿ.ವಿ.ಪುರಂ ತಿಂಡಿ ಬೀದಿಗೆ ಹೋದೆವು. ಅಂಗಡಿಗಳು ಆಗತಾನೆ ತೆರೆಯುತ್ತಿದ್ದವು. ಅವರೆಬೇಳೆ ದೋಸೆ ಕೈಗೆ ಬಂದಾಗ, ಖುಷಿಪಡುತ್ತಾರೆ ಎಂದುಕೊಂಡು ಹೇಳಿದೆ.

"ಅಕ್ಕ, ಸಾಳುವ ತುಳುವ ಉಲ್ಟಾ ಹೇಳಿದ್ರಿ. ನಾನ್ ಸರಿ ಮಾಡ್ದೆ."

ಅಕ್ಕ ತಟ್ಟೆ ಹಿಡಿದವರು ಹಾಗೇ ನಿಂತರು. "ಇನ್ನೇನೇನ್ ಸರಿ ಮಾಡ್ದೆ?"

ಹೇಳಿದೆ. ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು.

"ನಿನ್ನ ಯಾರು ಕೇಳಿದ್ರು?"

"ನಿಮಗೆ ಗೊತ್ತಿರೋದೇ ಅಲ್ವಾ ಅಕ್ಕ. ತಲೆನೋವಿತ್ತು ಅಂತ..."

"ಗೊತ್ತಿದ್ದು ತಪ್ಪು ಹೇಳಿದ್ರೆ ಅದೂ ನನ್ನ ತಪ್ಪೇ ಕಣೇ."

ದೋಸೆ ತಿನ್ನದೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಸಜ್ಜನರಾವ್ ಸರ್ಕಲ್ಲಿನವರೆಗೆ ನಡೆದೆವು. ಅಲ್ಲಿ ಅವರು ಒಂದು ವಿಷಯ ಹೇಳಿದರು. ಪಿಯುಸಿಯಲ್ಲಿ ಅವರಿಗೆ ಕನ್ನಡದಲ್ಲಿ ಬಹಳ ಒಳ್ಳೆಯ ಅಂಕ ಬಂದಿತ್ತು. ಬೀದಿಯಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಹಾರ ಹಾಕಿಸಿಕೊಂಡು ಕೂತಿದ್ದಾಗ ಹಿಂದಿನ ಸಾಲಿನಲ್ಲಿ ಯಾರೋ, "ಶಾಲು ಬರೆದೋರಿಗೆ ಹೊದಿಸ್ಬೇಕಿತ್ತು" ಎಂದರಂತೆ. ಹತ್ತಿರದವರು ನಕ್ಕರಂತೆ. ಅಕ್ಕ ಆಗಿನ ಸ್ಕ್ರೈಬನ್ನು ಹುಡುಕಿಸಿ ಕೇಳಿದಾಗ, ಹೌದು, ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೆ ಎಂದು ಆ ಹುಡುಗಿ ಒಪ್ಪಿಕೊಂಡಳಂತೆ.

"ಎಷ್ಟು ನಂದು, ಎಷ್ಟು ಅವಳ್ದು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಅದಾದ್ಮೇಲೆ ಓದೋದೇ ಬಿಟ್ಬಿಟ್ಟೆ, ಐದು ವರ್ಷ."

ಮರುದಿನ ಅಕ್ಕ ನನ್ನನ್ನು ಕರೆದುಕೊಂಡು ಇತಿಹಾಸದ ಮೇಷ್ಟರ ಬಳಿಗೆ ಹೋದರು. ನಿವೃತ್ತಿಗೆ ಹತ್ತಿರವಾಗಿದ್ದ ಆ ಮೇಷ್ಟ್ರು ಪತ್ರಿಕೆಯನ್ನು ಆಗಲೇ ತಿದ್ದಿದ್ದರು. ವಿಷಯ ಕೇಳಿ ಕನ್ನಡಕ ತೆಗೆದಿಟ್ಟರು.

"ಬಿಡಮ್ಮ. ಎರಡು ಮೂರು ಅಂಕದ ಮಾತು. ಸರ್ವೀಸಲ್ಲೇ ಅಂಕ ಕಡಿಮೆ ಮಾಡಿ ಅಂತ ಬಂದೋರನ್ನ ನಾನ್ ನೋಡಿಲ್ಲ."

"ಹೊಡೆದ್ಹಾಕಿ ಸರ್. ಅವಳೇ ತೋರಿಸ್ತಾಳೆ."

ನಾನು ಬೆರಳಿಟ್ಟು ಒಂದೊಂದೇ ಸಾಲು ತೋರಿಸಬೇಕಾಯಿತು. ಅವರು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತ ಬಂದರು. ಇಪ್ಪತ್ತೆಂಟು ಇದ್ದದ್ದು ಇಪ್ಪತ್ತಮೂರಾಯಿತು. ಸ್ಟಾಫ್ ರೂಮಿನಲ್ಲಿ ಉಳಿದವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಮೇಷ್ಟ್ರು ನನ್ನ ಕಡೆ ತಿರುಗಿ, "ಯೂನಿವರ್ಸಿಟಿ ಪರೀಕ್ಷೆ ಆಗಿದ್ರೆ ಇಬ್ರನ್ನೂ ಡಿಬಾರ್ ಮಾಡ್ತಿದ್ರು, ಗೊತ್ತೇನಮ್ಮ?" ಎಂದರು. ಸಂಜೆಯೊಳಗೆ ಸ್ಕ್ರೈಬ್‌ಗಳ ಪಟ್ಟಿಯಿಂದ ನನ್ನ ಹೆಸರು ಹೋಯಿತು.

ನನಗೆ ಪಶ್ಚಾತ್ತಾಪಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಸಹಾಯ ಮಾಡಲು ಹೋಗಿ ಎಲ್ಲರೆದುರು ತಲೆ ತಗ್ಗಿಸಿದೆ ಎನ್ನಿಸಿತು. ಅಷ್ಟು ಹೊತ್ತಿಗೆ ಹಾಜರಾತಿಯೂ ಸರಿಹೋಗಿತ್ತು. ಎರಡು ವಾರ ಆ ಕಡೆ ಸುಳಿಯಲಿಲ್ಲ. ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಅವರೂ, "ಅವರು ಮಾಡಿದ್ದು ಸರಿ ಕಣೆ" ಎಂದುಬಿಟ್ಟರು.

ಒಂದು ಬುಧವಾರ ಪುಸ್ತಕ ಹಿಂತಿರುಗಿಸಲು ಲೈಬ್ರರಿಗೆ ಹೋಗಿದ್ದೆ. ಆ ಕೋಣೆಯಿಂದ ಹೊಸ ಹುಡುಗಿಯೊಬ್ಬಳು ಓದುವುದು ಕೇಳಿಸುತ್ತಿತ್ತು. ರೈಲು ಓಡಿದ ಹಾಗೆ ಓದುತ್ತಿದ್ದಳು. ಅಕ್ಕ ತಡೆದರು, ಅವಳು ಮತ್ತೆ ಓಡಿಸಿದಳು. ನಾನು ಕಪಾಟಿನ ಪಕ್ಕದಲ್ಲಿ ಹತ್ತು ನಿಮಿಷ ನಿಂತು ಕೇಳಿದೆ. ಅವಳು ಹೋದ ಮೇಲೆ ಒಳಗೆ ಹೋಗಿ ಮೇಜಿನ ಮೇಲೆ ತೆರೆದಿದ್ದ ಪುಟದಿಂದಲೇ ಓದತೊಡಗಿದೆ. ಪುಟ ಮುಗಿದಾಗ ಅಕ್ಕ, "ಗಂಟಲು ಕಟ್ಟಿದ್ಯಾ? ನೀರ್ ಕುಡಿ" ಎಂದರು.

ವಾರ್ಷಿಕ ಪರೀಕ್ಷೆಗೆ ತಿಂಗಳಿದ್ದಾಗ ಅವರು ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು.

"ಮತ್ತೆ ನಿನ್ನ ಹೆಸ್ರು ಕೊಡೋಣ ಅಂತಿದೀನಿ. ಅದಕ್ ಮೊದ್ಲು ಒಂದು ಟೆಸ್ಟು. ನಂಗಲ್ಲ, ನಿಂಗೆ. ಬರ್ಕೋ."

ಹೇಳತೊಡಗಿದರು. ಕಾವೇರಿ ಬಿನ್ನಿಪೇಟೆಯಲ್ಲಿ ಹುಟ್ಟುತ್ತದೆ. ಹೊಯ್ಸಳರ ರಾಜಧಾನಿ ಹಂಪಿ. ಕೆಂಪೇಗೌಡರು ಬೆಂಗಳೂರು ಕಟ್ಟುವ ಮೊದಲು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗಾಗಿ ಒಂದು ಗಂಟೆ ಕಾದರು. ನಗು ತಡೆದುಕೊಂಡು ಬರೆದೆ. ಇವು ಸುಲಭ. "ಅದನ್ನು ನೋಡಲು ಜನರು ಬಂತು" ಎಂದಾಗ ಮಾತ್ರ ಕೈ ತಾನಾಗಿಯೇ 'ಬಂದರು' ಎಂದು ಬರೆದುಬಿಟ್ಟಿತು. ಗೀಚಿ ತಿದ್ದಿದೆ.

"ಏನೋ ಹೊಡೆದ್ಹಾಕ್ದೆ," ಎಂದರು ಅಕ್ಕ. ಪೆನ್ನಿನ ಸದ್ದು ಅವರಿಗೆ ಕೇಳಿಸಿತ್ತು.

"'ಬಂದರು' ಅಂತ ಬರ್ದಿದ್ದೆ. 'ಬಂತು' ಮಾಡ್ದೆ."

"ಹೂಂ. ಅಲ್ಲೇ ಹುಷಾರಾಗಿರ್ಬೇಕು ನೀನು."

ಪುಸ್ತಕ ಜೋಡಿಸುತ್ತಿದ್ದ ಲೈಬ್ರರಿಯ ಆಯಮ್ಮನನ್ನು ಕರೆದು ಹಾಳೆಯನ್ನು ಗಟ್ಟಿಯಾಗಿ ಓದಿಸಿದರು. ಆಯಮ್ಮ ಕೆಂಪೇಗೌಡರವರೆಗೆ ಬಂದು ನಿಲ್ಲಿಸಿದರು. "ಇದೇನ್ರಮ್ಮ, ಕಾಲೇಜಲ್ಲಿ ಹಿಂಗ್ ಹೇಳ್ಕೊಡ್ತಾರಾ?" ಅಕ್ಕ ಮೇಜಿಗೆ ತಲೆಯಿಟ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನ ಮೇಷ್ಟರಿಗೂ ಮೇಡಂಗೂ ಹೇಳಿ ನನ್ನ ಹೆಸರು ಮತ್ತೆ ಸೇರಿಸಿದರು. ಈ ಸಲ ಸಹಿ ಮಾಡುವ ಮೊದಲು ಹಾಳೆಯನ್ನು ಇಬ್ಬರಿಗೂ ಕೇಳುವಂತೆ ಓದಿದೆ.

ವಾರ್ಷಿಕ ಪರೀಕ್ಷೆಯ ಇತಿಹಾಸ ಪತ್ರಿಕೆಯಲ್ಲಿ ಮೈಸೂರು ಯುದ್ಧಗಳ ಪ್ರಶ್ನೆ ಬಂತು. ಎರಡನೆಯ ಯುದ್ಧ ಶ್ರೀರಂಗಪಟ್ಟಣದ ಒಪ್ಪಂದದಿಂದ ಮುಗಿಯಿತು, ಮೂರನೆಯದು ಮಂಗಳೂರಿನ ಒಪ್ಪಂದದಿಂದ, ಎಂದು ಅಕ್ಕ ಹೇಳಿದರು. ಅದು ಅದಲುಬದಲಾಗಿತ್ತು. ಹಾಗೆಯೇ ಬರೆದೆ. ಉತ್ತರ ಮುಗಿದಾಗ ಒಮ್ಮೆ ಓದಿ ಹೇಳಲು ಕೇಳಿದರು, ಅದಕ್ಕೆ ಅವಕಾಶವಿತ್ತು. ಆ ವಾಕ್ಯದ ಬಳಿ ದನಿ ಏರಬಾರದು, ಇಳಿಯಬಾರದು ಎಂದು ಎಚ್ಚರವಹಿಸಿ ಓದಿದೆ. ಅಕ್ಕ, "ಸರಿ, ಮುಂದಿನ ಪ್ರಶ್ನೆ" ಎಂದರು.

ಸಂಜೆ ಫೋನ್ ಬಂತು.

"ಒಪ್ಪಂದ ಎರಡೂ ಅದಲುಬದಲು ಹೇಳ್ದೆ ಅಲ್ವಾ?"

"ಹೂಂ ಅಕ್ಕ."

"ನಿಂಗೆ ಆಗ್ಲೇ ಗೊತ್ತಾಯ್ತಾ?"

"ಗೊತ್ತಾಯ್ತು."

ಆ ಕಡೆ ಪ್ರೆಶರ್ ಕುಕ್ಕರ್ ಕೂಗುತ್ತಿತ್ತು. ಅದು ನಿಂತ ಮೇಲೆ ಅಕ್ಕ, "ಛೇ, ಓದಿದ್ದೇ ವೇಸ್ಟ್ ಆಯ್ತಲ್ಲೇ" ಎಂದು ಪೇಚಾಡಿದರು. ನಾಳಿದ್ದಿನ ಸಮಾಜಶಾಸ್ತ್ರಕ್ಕೆ ಅರ್ಧ ಗಂಟೆ ಮುಂಚೆ ಬಾ ಎಂದು ಹೇಳಿ ಇಟ್ಟರು. ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ.

ಅವರಿಗೆ ಪ್ರಥಮ ದರ್ಜೆ ಬಂತು. ಇತಿಹಾಸದಲ್ಲಿ ಅಂದುಕೊಂಡದ್ದಕ್ಕಿಂತ ಕಡಿಮೆಯೇ ಬಂದಿತ್ತು. ಅಂಕಪಟ್ಟಿಯನ್ನು ಅವರು ಫೋನಿನಲ್ಲಿ ಮೂರು ಸಲ ಕೇಳಿಸಿಕೊಂಡರು. ಮಿಠಾಯಿ ತಂದಿದ್ದ ಅವರ ತಂದೆ ಆಯಮ್ಮನಿಗೂ ಮೇಷ್ಟರಿಗೂ ತಾವೇ ಹಂಚಿದರು.

ಎರಡು ವರ್ಷದ ನಂತರ ಅವರು ಸ್ಪರ್ಧಾತ್ಮಕ ಪರೀಕ್ಷೆ ಬರೆದು ಒಂದು ಸರ್ಕಾರಿ ಕಚೇರಿಗೆ ಸೇರಿದರು. ಆಗ ನಾನು ಜಯನಗರದ ಒಬ್ಬ ಆಡಿಟರ್ ಬಳಿ ಕೆಲಸ ಕಲಿಯುತ್ತಿದ್ದೆ. ಮೊದಲ ವಾರ ಅಕ್ಕ ಫೋನ್ ಮಾಡಿ, ಕಚೇರಿಯವರು 'ನಿಮಗೆ ಇದು ಸುಲಭ' ಎಂದು ಹೇಳಿ ತಮ್ಮನ್ನು ಟೆಲಿಫೋನಿನ ಮುಂದೆ ಕೂರಿಸಿದ್ದಾರೆ ಎಂದರು. ಎರಡನೆಯ ವಾರ, ಫೈಲುಗಳ ಕೆಲಸ ಬೇಕೆಂದು ಅರ್ಜಿ ಕೊಟ್ಟಿದ್ದೇನೆ ಎಂದರು. ನಾಲ್ಕನೆಯ ವಾರ ಒಂದು ಸೆಕ್ಷನ್ನಿನ ಪತ್ರವ್ಯವಹಾರವನ್ನು ಅವರಿಗೆ ವಹಿಸಿದರು. ಆ ಕಚೇರಿಯ ಹಳೆಯ ಕಾಗದಗಳೆಲ್ಲ ಫೋನಿಗೆ ಓದಲಾಗದಂಥವಂತೆ; ಪಕ್ಕದ ಮೇಜಿನವರಿಗೆ ಹಾರಿಸದೆ ಓದಿ ಹೇಳುವುದನ್ನು ಕಲಿಸುತ್ತಿದ್ದೇನೆ ಎಂದರು.