ಅಂಚು ಸವೆದ ಟೈರು

ಬೈಕ್ ರೇಸಿನಲ್ಲಿ ಏಳನೆಯವನಾಗಿ ಗೆದ್ದ ಆ ಭಾನುವಾರವನ್ನು ನೆನೆದರೆ ಮೆಕ್ಯಾನಿಕ್ ಗಾಳಿಗೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಏಳನೆಯವನಾಗುವುದು ಗೆಲುವೇ ಎಂದು ನೀವು ನಗಬಹುದು. ಅವನ ಪಾಲಿಗೆ ಗೆಲುವೇ.

ಗಾಳಿ ಎಂಬುದು ಅವನಿಗೆ ಜನ ಇಟ್ಟ ಹೆಸರು. ವಾರವೆಲ್ಲ ಗ್ರೀಸು, ಭಾನುವಾರ ರೇಸು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಂಡತಿ ಗೊಣಗುತ್ತಿದ್ದಳು. ಗೊಣಗುತ್ತಲೇ ಅವನ ಚರ್ಮದ ಸೂಟಿನ ಮೊಣಕಾಲಿಗೆ ತೇಪೆ ಹಾಕುತ್ತಿದ್ದಳು. ಯಾರೋ ಎತ್ತರದ ಆಸಾಮಿ ತೊಟ್ಟು ಬಿಟ್ಟ ಸೂಟು ಅದು, ತೋಳನ್ನು ಎರಡು ಸುತ್ತು ಮಡಚಬೇಕು. ಉಳಿದವರ ಬೈಕುಗಳು ವ್ಯಾನಿನಲ್ಲಿ ಬರುತ್ತಿದ್ದವು. ಇವನು ತನ್ನದನ್ನು ಓಡಿಸಿಕೊಂಡೇ ಹೋಗಿ, ಗೇಟಿನ ಬಳಿ ಕನ್ನಡಿ ಬಿಚ್ಚಿ ಊಟದ ಚೀಲಕ್ಕೆ ತುರುಕಿ, ಟೇಪಿನಲ್ಲಿ ನಂಬರು ಅಂಟಿಸಿಕೊಂಡು ನಿಲ್ಲುತ್ತಿದ್ದ. ಅದಕ್ಕೆಲ್ಲ ಅವನು ಎಂದೂ ನಾಚಿದವನಲ್ಲ.

ಆ ಸಲ ಅವನ ಎರಡೂ ಟೈರು ಬೋಳಾಗಿದ್ದವು. ರೇಸಿಗೆ ಮುಂಚಿನ ತಪಾಸಣೆಯಲ್ಲೇ ಹೊರಗೆ ಹಾಕುವುದು ಖಂಡಿತ. ಗ್ಯಾರೇಜಿನಲ್ಲಿ ಅಂಚೆಯಣ್ಣನ ಬೈಕು ಕ್ಲಚ್ಚಿನ ಕೆಲಸಕ್ಕೆ ನಿಂತಿತ್ತು: ಅದೇ ಮಾಡೆಲ್ಲು, ವಾರದ ಹಿಂದಷ್ಟೇ ಹಾಕಿಸಿದ ಹೊಸ ಟೈರು. ಊರಿಗೆಲ್ಲ ಕಾಗದ ಹಂಚುವ ಅಂಚೆಯಣ್ಣ ಹದಿನೈದು ವರ್ಷದಿಂದ ಕೀಲಿಯನ್ನು ಗಾಳಿಯ ಅಂಗೈಗೆ ಹಾಕಿ, "ಆದಾಗ ಕರಿ ತಮ್ಮಾ" ಎಂದು ಹಿಂತಿರುಗಿಯೂ ನೋಡದೆ ಹೋಗುವ ಮನುಷ್ಯ. ಒಂದೇ ದಿನ ತಾನೆ, ಎಂದುಕೊಂಡ ಗಾಳಿ. ಶನಿವಾರ ಸಂಜೆ ಆ ಟೈರುಗಳು ಇವನ ಬೈಕಿಗೆ ಬಂದವು. ಭಾನುವಾರದ ರೇಸು ಮುಗಿಸಿ, ಸೋಮವಾರ ಬೆಳಿಗ್ಗೆ ತೊಳೆಸಿಕೊಂಡು ತಮ್ಮ ಜಾಗಕ್ಕೆ ಮರಳಿದವು.

ಟೈರಿನ ನಡುಭಾಗವೇನೋ ಹೊಸದರಂತೆಯೇ ಇತ್ತು. ಆದರೆ ತಿರುವುಗಳಲ್ಲಿ ಬೈಕನ್ನು ಮಲಗಿಸಿ ಓಡಿಸಿದ್ದರಿಂದ ಎರಡೂ ಅಂಚುಗಳಲ್ಲಿ ರಬ್ಬರು ಕಿತ್ತು ಉಂಡೆಗಟ್ಟಿತ್ತು. ರೇಸಿನವರಿಗೆ ಅಂಚು ಸವೆದದ್ದೇ ಹೆಮ್ಮೆ. ಒಬ್ಬರಿಗೊಬ್ಬರು ತೋರಿಸಿಕೊಂಡು ಮೆರೆಯುತ್ತಾರೆ. ಗಾಳಿಯ ಕಣ್ಣಿಗೆ ಅದು ತನ್ನನ್ನು ಹಿಡಿದುಕೊಡುವ ಕುರುಹಾಗಿ ಕಾಣಲೇ ಇಲ್ಲ.

ಅಂಚೆಯಣ್ಣ ಬಂದವನೇ ಹೆಬ್ಬೆರಳಿನಿಂದ ಸವರಿದ. "ಇದೇನು ತಮ್ಮಾ, ಅಂಚೆಲ್ಲ ಕಿತ್ತುಹೋಗಿದೆ?"

"ರೋಡು ಸರಿಯಿಲ್ಲ ಅಲ್ವಾ ಅಣ್ಣ. ನಾನಂತೂ ಟೈರು ಬಿಚ್ಚೇ ಇಲ್ಲ."

ಬಿಚ್ಚಿದೆಯಾ ಎಂದು ಕೇಳಿದವರು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಾನು ಇಷ್ಟು ಬಾಗ್ಸಿ ಓಡ್ಸಿದ್ರೆ ಕಾಗದ ಎಲ್ಲಾ ಚರಂಡಿ ಪಾಲಾಗತ್ತೆ ಕಣೋ" ಎಂದು ಅಂಚೆಯಣ್ಣ ನಕ್ಕ. ನಗುತ್ತಲೇ ಅವನ ಕಣ್ಣು ಗೋಡೆಯ ಮೊಳೆಗೆ ನೇತುಹಾಕಿದ್ದ ಚರ್ಮದ ಸೂಟಿನ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು. ತಪ್ಪಾಯ್ತು ಅಣ್ಣ ಎನ್ನಬೇಕಿದ್ದ ಗಾಳಿ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸತೊಡಗಿದ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು. ಅಂಚೆಯಣ್ಣ ಏನೂ ಕೇಳದೆ ಬೈಕು ಏರಿ ಹೋದ.

ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಎರಡು ತಿಂಗಳ ಮೇಲೆ ಅವನು ಆಯಿಲ್ ಬದಲಾಯಿಸಲು ಬಂದ. ಗಾಳಿಯ ಜೀವ ಹಗುರಾಯಿತು; ಓಡಿಹೋಗಿ ಕೈಯೊಡ್ಡಿದ. ಅಂಚೆಯಣ್ಣ ಕೀಲಿ ಕೊಟ್ಟ. ಕೊಟ್ಟು, ಮೂಲೆಯ ಸ್ಟೂಲನ್ನು ಬೈಕಿನ ಪಕ್ಕಕ್ಕೆ ಎಳೆದುಕೊಂಡು ಕೂತ.

"ನೀವು ಹೋಗ್ಬನ್ನಿ ಅಣ್ಣ, ಆದಾಗ ಕರೀತೀನಿ."

"ಇರ್ಲಿ ಬಿಡು ತಮ್ಮಾ. ಇವತ್ತು ಬಿಡುವಾಗಿದೀನಿ."

ಅವನ ತೊಡೆಯ ಮೇಲಿದ್ದ ಚೀಲದ ತುಂಬ ಇನ್ನೂ ಹಂಚದ ಕಾಗದಗಳಿದ್ದವು.