ಕಂದಕದ ಇನ್ನೂರ ನಲವತ್ತು ಹೆಜ್ಜೆ

ಬೆಳಿಗ್ಗೆ ಆರೂ ಹತ್ತಕ್ಕೆ ಮೈಸೂರು ಬಿಟ್ಟ ಬಸ್ಸು ಅರ್ಧ ಗಂಟೆಯಲ್ಲಿ ನನ್ನನ್ನು ಶ್ರೀರಂಗಪಟ್ಟಣದಲ್ಲಿ ಇಳಿಸಿತು. ಆಷಾಢದ ಗಾಳಿ, ಮೇಲೆ ಬೂದಿ ಬಣ್ಣದ ಮೋಡ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಕೊಡೆ, ಬೆರಳಚ್ಚು ಮಾಡಿಸಿದ ಹಸ್ತಪ್ರತಿ, ಪುಟ್ಟಸ್ವಾಮಾಚಾರಿಯ ಹಳೆಯ ನೋಟುಪುಸ್ತಕ. ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗಿ ರಾತ್ರಿ ಅಲ್ಲೇ ಉಳಿಯುವುದು, ಮರುದಿನ ನಾಗಮಂಗಲದಲ್ಲಿ ಆಚಾರಿಯನ್ನು ಕಂಡು ಕೊನೆಯ ಅಧ್ಯಾಯ ಓದಿ ಹೇಳುವುದು, ಆಮೇಲೆ ಬೆಂಗಳೂರಿನ ಮುದ್ರಣಾಲಯ. ಇಷ್ಟನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಟ್ಟಿದ್ದೆ.

ಆಚಾರಿ ಮತ್ತು ನಾನು ಸೇನೆಯ ಎಂಜಿನಿಯರ್ ದಳದಲ್ಲಿ ಒಟ್ಟಿಗಿದ್ದವರು. ಅವನು ಕಮ್ಮಾರ ಹವಾಲ್ದಾರ, ನಾನು ಸುಬೇದಾರ. ನಿವೃತ್ತಿಯ ನಂತರ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದಾಗ ಅವನು ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ. ಆ ಪಂಥದ ಧರ್ಮಗ್ರಂಥದ ಉದ್ದಕ್ಕೂ ಯುದ್ಧ. ಮಣ್ಣಿನ ದಿಬ್ಬ, ಅದರ ಮೇಲೆ ಮರದ ಬೇಲಿ, ಸುತ್ತ ಕಂದಕ, ಕೊನೆಗೆ ಒಂದು ಜನಾಂಗವೇ ನಿರ್ನಾಮ. ನನಗೆ ಆ ಧರ್ಮದಲ್ಲಿ ನಂಬಿಕೆಯಿಲ್ಲ, ಕೋಟೆ ಕಟ್ಟುವ ಕೆಲಸ ಮಾತ್ರ ಗೊತ್ತು. ಅವನ ಭಕ್ತಿ, ನನ್ನ ಲೆಕ್ಕ ಸೇರಿಸಿ, ಆ ಯುದ್ಧಗಳನ್ನು ನಮ್ಮ ಕಡೆಯ ಕೋಟೆಗಳ ಜೊತೆಗಿಟ್ಟು ನೋಡುವ ಪುಸ್ತಕವೊಂದನ್ನು ಆರು ವರ್ಷದಿಂದ ಬರೆಯುತ್ತಿದ್ದೆವು. ಬರೆದದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಕಳೆದ ಮಾಘದಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು.

ಕೋಟೆಯ ಕಂದಕದಲ್ಲಿ ಲಾಂಟಾನ ಬೆಳೆದಿತ್ತು. ಆರು ವರ್ಷದ ಹಿಂದೆ ಇದೇ ಅಂಚಿನಲ್ಲಿ, ಸೇತುವೆಯಿಂದ ಬುರುಜಿನ ಮೂಲೆಯವರೆಗೆ ನಾನು ನಡೆದಿದ್ದೆ, ಆಚಾರಿ ಬರೆದುಕೊಂಡಿದ್ದ. ಮೂವತ್ತು ಇಂಚಿನ ಹೆಜ್ಜೆಯನ್ನು ನಮಗೆ ಕವಾಯತು ಮೈದಾನದಲ್ಲಿ ಕೋಲು ಹಿಡಿದು ಕಲಿಸಿದ್ದರು. ಅಂದಿನಿಂದ ನಾನು ಟೇಪು ಹಿಡಿದವನಲ್ಲ. ನೋಟುಪುಸ್ತಕದಲ್ಲಿ ಇನ್ನೂರ ನಲವತ್ತು ಹೆಜ್ಜೆ ಎಂದಿತ್ತು. ಅಚ್ಚಿಗೆ ಹೋಗುವ ಮೊದಲು ಮತ್ತೊಮ್ಮೆ ಖಚಿತಪಡಿಸಿಕೊಳ್ಳೋಣವೆಂದು ನಡೆದೆ. ಮುನ್ನೂರು ಬಂತು. ತಿರುಗಿ ನಡೆದೆ. ಮುನ್ನೂರ ಒಂದು.

ಸಿಟ್ಟು ಬಂತು. ಅರವತ್ತು ಹೆಜ್ಜೆ ತಪ್ಪು ಬರೆದುಕೊಂಡವನನ್ನು ನಂಬಿ ಕಂದಕದ ಅಧ್ಯಾಯವನ್ನೆಲ್ಲ ಕಟ್ಟಿದ್ದೆನಲ್ಲ! ನೋಟುಪುಸ್ತಕದ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಮುನ್ನೂರು ಎಂದು ಬರೆದೆ.

ಒಂಬತ್ತಕ್ಕೆ ಪಾಂಡವಪುರ ಮುಟ್ಟಿದೆ. ಎರಡು ಇಡ್ಲಿ, ಒಂದು ವಡೆ, ಸಕ್ಕರೆಯಿಲ್ಲದ ಕಾಫಿ. ಒಂದು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳನ್ನು ದೂರದಿಂದಲೇ ನೋಡಿದೆ. ಮಳೆ ಹನಿಯತೊಡಗಿತ್ತು. ಕೆ.ಆರ್. ಪೇಟೆಯ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿ ತೆವಳಿತು. ಪಕ್ಕದಲ್ಲಿ ಕ್ಯಾತನಹಳ್ಳಿಯ ರೈತರೊಬ್ಬರು ಕೂತಿದ್ದರು. ನನ್ನ ತೊಡೆಯ ಮೇಲಿನ ಹಾಳೆಗಳ ಕಡೆಗೆ ಕತ್ತು ಚಾಚಿದರು.

"ಏನ್ ಸಾ ಅದು, ಕೋರ್ಟು ಕಾಗ್ದವಾ?"

"ಅಲ್ಲ. ಅಮೆರಿಕದ ಒಂದು ಧರ್ಮಗ್ರಂಥದ ಯುದ್ಧಗಳ ಬಗ್ಗೆ ಬರೀತಿದ್ದೀನಿ."

"ದೇವ್ರು ಪುಸ್ತಕ್ದಲ್ಲೂ ಬಡ್ದಾಟವಾ?"

"ಪುಟಪುಟದಲ್ಲೂ."

"ಅಂಗಾರೆ ನಮ್ಮೂರ್ ಪಂಚಾಯ್ತಿ ಎಲೆಕ್ಸನ್ನಂಗೆ ಅನ್ನಿ," ಎಂದು ನಕ್ಕು ಕಿಟಕಿಗೆ ತಲೆಯಿಟ್ಟು ನಿದ್ದೆಹೋದರು.

ಕೆ.ಆರ್. ಪೇಟೆಯ ವಸತಿಗೃಹದ ಗೋಡೆ ತೇವಕ್ಕೆ ಉಬ್ಬಿತ್ತು. ಸಂಜೆ ಆರಕ್ಕೆ ಮುದ್ದೆ ಊಟ ಮುಗಿಸಿ ಕೊನೆಯ ಅಧ್ಯಾಯವನ್ನು ಮತ್ತೊಮ್ಮೆ ತಿದ್ದಿದೆ. ಅದು ಆಯುಧ ಹೂತವರ ಕತೆ. ಕೊಂದು ಕೊಂದು ಬೇಸತ್ತ ಒಂದು ಜನ ಇನ್ನು ರಕ್ತ ಹರಿಸುವುದಿಲ್ಲವೆಂದು ಆಣೆಯಿಟ್ಟು ಕತ್ತಿಗಳನ್ನು ಆಳವಾಗಿ ಹೂಳುತ್ತಾರೆ. ಶತ್ರು ಬಂದಾಗ ನೆಲಕ್ಕೆ ಬಿದ್ದು ಪ್ರಾರ್ಥಿಸುತ್ತಾರೆ. ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಕಡಿಯುವವರೇ ಕೈಸೋತು ಕತ್ತಿ ಎಸೆಯುತ್ತಾರೆ. ಅದಕ್ಕೆ ನಾನು ಕೊಟ್ಟ ತೀರ್ಪು: ಹೋರಾಡದೆ ಸತ್ತವರನ್ನು ವೀರರೆನ್ನಲಾಗದು, ಇದು ನಾಯಕರ ಕರ್ತವ್ಯಲೋಪ. ಈ ಸಾಲಿಗಾಗಿ ಆಚಾರಿ ಎರಡು ವರ್ಷ ನನ್ನ ಜೊತೆ ಹೊಡೆದಾಡಿದ್ದ. "ಕಂದಕ ತೋಡೋನ್ಗೆ ಬರೀ ಕಂದಕಾನೆ ಕಾಣೋದು ಕಣ್ಲಾ," ಎನ್ನುತ್ತಿದ್ದ. ಅವನು ಒಪ್ಪದೆ ಅಚ್ಚಿಗೆ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಮುದ್ರಣಾಲಯ ಇನ್ನು ಕಾಯುವುದಿಲ್ಲ ಎಂದಿತ್ತು. ಆಚಾರಿಯ ಆರೋಗ್ಯವೂ ಕಾಯುವಂತಿರಲಿಲ್ಲ.

ಮರುದಿನ ಏಳಕ್ಕೆ ಸಂತೆಬಾಚಹಳ್ಳಿಯ ಕಡೆಗೆ ಹೊರಟೆ. ಊರಾಚೆಯ ಬದುವಿನಲ್ಲಿ ಒಂದು ವೀರಗಲ್ಲು ವಾಲಿಕೊಂಡಿತ್ತು. ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯನ್ನು ಇದು ಯಾರದ್ದೆಂದು ಕೇಳಿದೆ.

"ಯಾವನೋ ದನ ಬುಡಿಸ್ಕೊಳಾಕೋಗಿ ಸತ್ತೋನಂತೆ."

"ಅವತ್ತು ಊರಲ್ಲಿ ಬೇರೆಯವರೂ ಸತ್ತಿರಬೇಕಲ್ಲಜ್ಜಿ, ಅವರಿಗೆ?"

ಅಜ್ಜಿ ಕುಡುಗೋಲು ನಿಲ್ಲಿಸದೆ ಹೇಳಿತು: "ಸುಮ್ಕೆ ಸತ್ತೋರ್ಗೆಲ್ಲ ಕಲ್ ನಿಲ್ಸುದ್ರೆ ಉಳಾಕೆ ಜಾಗ ಎಲ್ಲೈತಪ್ಪಾ?"

ನನ್ನ ತೀರ್ಪಿಗೆ ಸಾಕ್ಷಿ ಸಿಕ್ಕಂತಾಯಿತು. ಬಸ್ಸಿನಲ್ಲೇ ಅದನ್ನು ಅಧ್ಯಾಯದ ಕೊನೆಗೆ ಸೇರಿಸಿದೆ.

ನಾಗಮಂಗಲದಲ್ಲಿ ಮಳೆ ಜೋರಾಗಿತ್ತು. ಆಟೋ ಇಳಿಯುತ್ತಿದ್ದಂತೆ ಆಚಾರಿಯ ಸೊಸೆ ಸವಿತಾ ಕೊಡೆ ಹಿಡಿದು ಬಂದು, ಗೇಟಿನಿಂದ ಮನೆ ಪಕ್ಕದ ಕುಲುಮೆಯವರೆಗೆ ನನ್ನನ್ನು ಓಡಿಸಿಕೊಂಡೇ ಹೋದಳು. ಹಗಲೆಲ್ಲ ಅಲ್ಲೇ ಮಲಗಿಸಬೇಕೆಂದು ಅವನ ಹಟವಂತೆ. ಒಲೆಯಲ್ಲಿ ಬೂದಿಯೂ ಇರಲಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅವನ ಮಾತ್ರೆಗಳು, ನೀರಿನ ಚೊಂಬು. ಬಲಗೈ ಹೊದಿಕೆಯ ಮೇಲೆ ಯಾರೋ ಇಟ್ಟು ಮರೆತ ವಸ್ತುವಿನಂತೆ ಬಿದ್ದಿತ್ತು.

"ಊಟ ಆಯ್ತಾ?" ಎಂದ. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ಆಮೇಲೆ. ಮೊದಲು ಇದು ನೋಡು. ಕಂದಕ ಮುನ್ನೂರು ಹೆಜ್ಜೆ ಇದೆ. ಎರಡು ಸಲ ನಡೆದೆ. ನೀನು ಇನ್ನೂರ ನಲವತ್ತು ಅಂತ ಬರೆದಿದ್ದೀಯ."

ನೋಟುಪುಸ್ತಕವನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಾಲಿನ ಕಡೆ ನೋಡಿದ.

"ಇರ್ಬೋದು. ನಂದೇ ತಪ್ಪು. ತಿದ್ಕೊಳಿ."

ನಾನು ಅಧ್ಯಾಯ ಓದಿದೆ. ತೀರ್ಪಿನ ಸಾಲು ಬಂದಾಗ ಬೇಕೆಂದೇ ನಿಧಾನ ಮಾಡಿದೆ. ಅಜ್ಜಿಯ ಮಾತನ್ನೂ ಓದಿದೆ. ಅವನು ಸೂರಿನ ನೀರನ್ನು ನೋಡುತ್ತಿದ್ದ.

"ಏನಾದರೂ ಹೇಳೋ," ಎಂದೆ.

"ಏನೇಳನಾ? ಅಂಗೇ ಬುಡಿ, ಸಾಹೇಬ್ರೆ. ಅಚ್ಗೆ ಕೊಡಿ."

ಅಷ್ಟು ವರ್ಷಗಳಲ್ಲಿ ದಳದ ಹೊರಗೆ ಅವನು ನನ್ನನ್ನು ಸಾಹೇಬ್ರೆ ಎಂದದ್ದು ಅದೇ ಮೊದಲು. ಲೇ ಎನ್ನುತ್ತಿದ್ದ, ಮಣ್ಣು ತಲೆಯವನೇ ಎನ್ನುತ್ತಿದ್ದ, ಒಮ್ಮೆ ಚಿಮಟ ಎತ್ತಿಕೊಂಡೇ ಬಂದಿದ್ದ. ಎರಡು ದಿನ ದಾರಿಯುದ್ದಕ್ಕೂ ನಾನು ಒಗ್ಗೂಡಿಸಿದ್ದ ವಾದಗಳೆಲ್ಲ ಚೀಲದಲ್ಲೇ ಉಳಿದವು. ಸವಿತಾ ಅನ್ನ, ಹುರುಳಿಕಾಳಿನ ಬಸ್ಸಾರು ತಂದಳು. ಉಂಡೆವು. ಅವನಿಗೆ ಅವಳೇ ಉಣಿಸಿದಳು.

ಮೂರಕ್ಕೆ ಮಳೆ ನಿಂತಿತು. ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದೆ. ಎಣಿಸುವುದು ನನಗೆ ಉಸಿರಾಟದ ಹಾಗೆ. ಆ ಕುಲುಮೆಯ ಪಾಯಕ್ಕೆ ಗುರುತು ಹಾಕಿದವನೇ ನಾನು. ಅಲ್ಲಿಂದ ಗೇಟಿಗೆ ಸರಿಯಾಗಿ ಅರವತ್ತು ಅಡಿ. ಆಚಾರಿ ಹಟಕ್ಕೆ ಟೇಪು ಹಿಡಿದು ನೋಡಿ, ನನ್ನ ಇಪ್ಪತ್ತನಾಲ್ಕು ಹೆಜ್ಜೆ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಒಪ್ಪಿಕೊಂಡಿದ್ದ. ಈಗ ಗೇಟಿನ ಚಿಲಕಕ್ಕೆ ಕೈಯಿಟ್ಟಾಗ ನನ್ನ ಎಣಿಕೆ ಮೂವತ್ತಕ್ಕೆ ಬಂದಿತ್ತು.

ಅಲ್ಲೇ ನಿಂತೆ. ಕೆಸರಿನಲ್ಲಿ ನನ್ನ ಹೆಜ್ಜೆ ಗುರುತುಗಳಿದ್ದವು, ಒಂದರ ಹಿಂದೆ ಒಂದು, ಹತ್ತಿರ ಹತ್ತಿರ. ಕಂದಕ ಉದ್ದವಾಗಿರಲಿಲ್ಲ. ಅವನು ತಪ್ಪು ಬರೆದಿರಲಿಲ್ಲ.

ತಿರುಗಿ ನೋಡಿದೆ. ಕುಲುಮೆಯ ತೆರೆದ ಬಾಗಿಲಾಚೆ ಅವನು ದಿಂಬಿಗೊರಗಿ ನನ್ನ ಕಾಲನ್ನೇ ನೋಡುತ್ತಿದ್ದ. ಕಣ್ಣು ಕಲೆತಾಗ ಎಡಗೈ ಎತ್ತಿ ಹಣೆಗಿಟ್ಟು ಸಲ್ಯೂಟ್ ಮಾಡಿದ. ಎಡಗೈ ಸಲ್ಯೂಟ್ ಸೇನೆಯಲ್ಲಿ ತಪ್ಪು. ಅದಕ್ಕಾಗಿ ನಾನು ಎಷ್ಟೋ ಹುಡುಗರನ್ನು ಮೈದಾನ ಸುತ್ತಿಸಿದ್ದೇನೆ. ಎದೆ ನೆಟ್ಟಗೆ ಮಾಡಿ ಅವನಿಗೆ ಮರುಸಲ್ಯೂಟ್ ಕೊಟ್ಟೆ. ಸವಿತಾ ಕರೆಸಿದ್ದ ಆಟೋದವನು ಹಾರನ್ ಹೊಡೆಯುತ್ತಿದ್ದ.

ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರಿನ ಬಸ್ಸಿಗೆ ನಲವತ್ತು ನಿಮಿಷವಿತ್ತು. ಹೋಟೆಲಿನ ಒದ್ದೆ ಮೇಜಿನ ಮೇಲೆ ಹಸ್ತಪ್ರತಿ ಬಿಚ್ಚಿದೆ. ನೋಟುಪುಸ್ತಕದ ಅಂಚಿನ ಮುನ್ನೂರನ್ನು ಹೊಡೆದುಹಾಕಿದೆ. ತೀರ್ಪಿನ ಸಾಲನ್ನು ಹೊಡೆದುಹಾಕಿದೆ. ಅಜ್ಜಿಯ ಮಾತನ್ನೂ. ಆ ಜಾಗಕ್ಕೆ ಏನು ಬರೆಯಬೇಕೆಂದು ಪೆನ್ಸಿಲು ಹಿಡಿದು ಕೂತೆ; ಕಾಫಿ ಆರಿತು, ಒಂದು ಅಕ್ಷರವೂ ಬರಲಿಲ್ಲ. ಅಧ್ಯಾಯ, ಕಡಿಯುವವರು ಕತ್ತಿ ಎಸೆದಲ್ಲಿಗೇ ನಿಂತಿತು.

ಬಸ್ಸು ಬಂದು ನಿಂತಾಗ ಸವಿತಾಳಿಗೆ ಫೋನು ಮಾಡಿದೆ.

"ಮಲ್ಗವ್ರೆ ಸಾರ್. ಏನಾರ ಏಳ್ಬೇಕಿತ್ತಾ?"

"ಎದ್ದ ಮೇಲೆ ಹೇಳಮ್ಮ, ಇನ್ನೂರ ನಲವತ್ತೇ ಸರಿ ಅಂತ."

"ಅಷ್ಟೇಯಾ?"

"ಅಷ್ಟೇ," ಎಂದು ಬಸ್ಸು ಹತ್ತಿದೆ.