ಅಕ್ಕನ ಎರಡನೆಯ ರಿಪೋರ್ಟು

ಅಕ್ಕಾ, ನಿನ್ನ ರಕ್ತದ ಎರಡನೆಯ ರಿಪೋರ್ಟು ಚೆನ್ನಾಗಿರಲಿಲ್ಲ. ಚೆನ್ನಾಗಿದೆ ಎಂದು ನಾನು ಸುಳ್ಳು ಹೇಳಿದೆ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ನೀನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಎಮ್ಮೆ ಕಾಯ್ದೆ, ನಾನು ಓದಿದೆ. ಬೈಲಹೊಂಗಲದ ರಕ್ತ ತಪಾಸಣೆ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಾಗ ಚಚಡಿಯ ನಿಮ್ಮ ಓಣಿಗೆಲ್ಲ ಪೇಡೆ ಹಂಚಿದವಳು ನೀನು.

ಆ ವರ್ಷ ಡಾಕ್ಟರು ನಿನ್ನ ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ಗುಳಿಗೆ ಬರೆದುಕೊಟ್ಟರು. ನೀನು ಗುಳಿಗೆಯ ಜೊತೆ ಶ್ರಾವಣದ ಒಪ್ಪತ್ತೂ ಹಿಡಿದೆ — ದಿನಕ್ಕೆ ಒಂದೇ ಊಟ — ಹಿಡಿದದ್ದನ್ನು ದೀಪಾವಳಿಯವರೆಗೂ ಬಿಡಲಿಲ್ಲ. ಹನ್ನೊಂದು ಕಿಲೋ ಇಳಿದೆ. ನಾನೇ ರಕ್ತ ತೆಗೆದು ನೋಡಿದೆ, ಕೊಬ್ಬೂ ಇಳಿದಿತ್ತು. ಪಾಡ್ಯದ ದಿನ ಎಲ್ಲರೂ ಊಟಕ್ಕೆ ಕುಂತಲ್ಲಿ ಹೇಳಿಬಿಟ್ಟೆ: "ಅಕ್ಕಾ, ಇನ್ನ ಗುಳಿಗಿ ಬ್ಯಾಡ. ಬಿಟ್ಟಬಿಡು."

ಮಾಮಾ — ನಿನ್ನ ಗಂಡ — ನಕ್ಕರು. "ಡಾಕ್ಟರ್‌ನ ಕೇಳೂದು ಬ್ಯಾಡೇನಪಾ? ಟೆಸ್ಟ್ ಮಾಡಾಂವನೂ ನೀನ, ಗುಳಿಗಿ ಬಿಡಸಾಂವನೂ ನೀನ?"

"ನಾ ಸಾಯನ್ಸ್ ಓದೇನ್ರಿ ಮಾಮಾ," ಎಂದೆ.

ಓದಿದ್ದನ್ನೇ ಮರೆತಿದ್ದೆ. ತೂಕದ ಜೊತೆ ಇಳಿದ ಕೊಬ್ಬು ತೂಕ ಮರಳಿದರೆ ತಾನೂ ಮರಳುತ್ತದೆ. ಸುಗ್ಗಿಯಲ್ಲಿ ಆಳುಗಳಿಗೆಲ್ಲ ಬುತ್ತಿ ಕಟ್ಟುವವಳು ಎಷ್ಟು ದಿನ ಒಪ್ಪತ್ತು ಇದ್ದಾಳು? ಸಂಕ್ರಾಂತಿಯ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ... ಯುಗಾದಿಯ ಹೊತ್ತಿಗೆ ಹೋದ ಹನ್ನೊಂದು ಕಿಲೋ ಹದಿಮೂರಾಗಿ ಬಂದಿತ್ತು. ಗುಳಿಗೆಯೂ ಇರಲಿಲ್ಲ. ನೀನು ಲ್ಯಾಬಿಗೆ ಬಂದು ಮತ್ತೆ ರಕ್ತ ಕೊಟ್ಟು ಹೋದೆ. ಅಂಕಿ ಮೊದಲಿಗಿಂತ ಮೇಲಿತ್ತು. ಆ ಹಾಳೆ ಹಿಡಿದು ನಿಂತಾಗ ನನಗೆ ಕಂಡದ್ದು ನಿನ್ನ ಮುಖವಲ್ಲ — ಮಾಮಾರ ನಗು. ಫೋನು ಹಚ್ಚಿ, "ಎಲ್ಲಾ ಬರೋಬ್ಬರಿ ಐತಿ ಅಕ್ಕಾ," ಅಂದೆ. ಹಾಳೆ ಹರಿದು ಹಾಕಿದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ —

ಕಾರಹುಣ್ಣಿಮೆಗೆ ಮುಂಚೆ ನಿನಗೆ ಲಕ್ವಾ ಹೊಡೆಯಿತು.

ಎಡಗೈ ಇವತ್ತಿಗೂ ನಿನ್ನ ಮಾತು ಕೇಳುವುದಿಲ್ಲ. ಗುಳಿಗೆ ನಡೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರೂ ಖಾತ್ರಿ ಹೇಳಲಾರರು. ಆ ಮಾತಿನ ಮರೆಯಲ್ಲಿ ನಾಲ್ಕು ವರ್ಷ ಅಡಗಿ ಕುಳಿತೆ.

ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ದವಾಖಾನೆಯ ಕಾಟಿನ ಮೇಲೆ ಮಲಗಿ ನೀನು ತೊದಲುತ್ತ ಅಂದೆ, "ತಮ್ಮಾ, ಒಪ್ಪತ್ತ ಮುರದಾಕಿ ನಾನ... ಶಿವ ಶಿಕ್ಷಾ ಕೊಟ್ಟ." ಪಕ್ಕದಲ್ಲೇ ಕುಳಿತಿದ್ದ ನಾನು ಸುಮ್ಮನಿದ್ದೆ. ಅಂದಿನಿಂದ ಪ್ರತಿ ಶ್ರಾವಣ, ಆ ಸೋತ ಮೈಯಲ್ಲಿ, ಊಟ ಬಿಟ್ಟು ಕ್ಷಮೆ ಬೇಡುತ್ತೀ. ಡಾಕ್ಟರು ಬೇಡವೆಂದರೂ ಕೇಳುವುದಿಲ್ಲ. ಯಾವ ತಪ್ಪಿಗೆ ಅಕ್ಕಾ? ನೀನು ಮಾಡದ ತಪ್ಪಿಗೆ — ಅದು ನನಗೆ ಗೊತ್ತಿದ್ದೂ —

ಈ ಸಲ ಸೋಮವಾರದಿಂದ ಶ್ರಾವಣ ಹಿಡಿಯುತ್ತದೆ. ರವಿವಾರವೇ ಚಚಡಿಗೆ ಬರುತ್ತೇನೆ. ಮಾಮಾರನ್ನು ಕೂರಿಸಿ, ಅವರೆದುರಿಗೇ ಈ ಕಾಗದ ನಿನಗೆ ಓದಿ ಹೇಳುತ್ತೇನೆ. ಆಮೇಲೆ ನನ್ನನ್ನು ತಮ್ಮಾ ಎಂದು ಕರೆಯುವುದೋ ಬಿಡುವುದೋ, ನಿನಗೆ ಸೇರಿದ್ದು. ನೀನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣು, ಅಕ್ಕಾ.